ಉಸಿರು ಅಳೆಯುತ್ತಿದ್ದ ಜ್ಯೋತಿಲಕ್ಷ್ಮಿ

ಜ್ಯೋತಿಲಕ್ಷ್ಮಿಯವರು ನಮ್ಮ ಆಫೀಸಿಗೆ ಮೊದಲ ಸಲ ಬಂದಾಗ ಅವರಿಗೆ ನಲವತ್ತೆಂಟು ವರ್ಷ. ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಮ್ಮ ಸಂಶೋಧನಾ ಯೋಜನೆ ನಡೆಯುತ್ತಿತ್ತು. ನಾನು ಅಲ್ಲಿ ಅಂಕಿಅಂಶ ನೋಡಿಕೊಳ್ಳುವವನು. ಕಾರ್ಮಿಕರನ್ನು ಭೇಟಿ ಮಾಡಿ ಮಾಹಿತಿ ತರಲು ಒಬ್ಬರು ಬೇಕಾಗಿದ್ದರು. ಸಂದರ್ಶನಕ್ಕೆ ಬಂದ ಹನ್ನೊಂದು ಜನರಲ್ಲಿ ಹತ್ತು ಮಂದಿ ಸ್ನಾತಕೋತ್ತರ ಪದವಿ ಮುಗಿಸಿದ ಎಳೆಯರು. ಇವರು ಓದಿದ್ದು ಪಿಯುಸಿ. ಆದರೆ ಇಪ್ಪತ್ತು ವರ್ಷ ಸೋಪಿನ ಸರ್ವೆ, ಟೀಪುಡಿಯ ಸರ್ವೆ, ಪೋಲಿಯೊ ಲಸಿಕೆ ಅಂತ ಪಶ್ಚಿಮ ಬೆಂಗಳೂರಿನ ಬೀದಿಬೀದಿ ಸುತ್ತಿದವರು.

ಯೋಜನೆಯ ಮುಖ್ಯಸ್ಥರು ಪ್ರೊಫೆಸರ್ ಮುರಳೀಕೃಷ್ಣ. ಅವರು ಕೇಳಿದರು, "ಬಾಗಿಲಲ್ಲೇ ನಿಲ್ಲಿಸಿ ಒಳಗೆ ಬಿಡಲ್ಲ ಅಂದ್ರೆ ಏನ್ಮಾಡ್ತೀರಿ?"

"ಕುಡಿಯೋಕೆ ನೀರು ಕೇಳ್ತೀನಿ ಸಾರ್. ನೀರು ಕೊಡಲ್ಲ ಅಂದೋರು ನನಗೆ ಇಲ್ಲಿವರೆಗೂ ಸಿಕ್ಕಿಲ್ಲ."

ಕೆಲಸ ಅವರಿಗೇ ಸಿಕ್ಕಿತು.

ಹುಟ್ಟಿ ಬೆಳೆದದ್ದು ಬಿನ್ನಿಪೇಟೆ. ತಂದೆ ಗಿರಣಿಯಲ್ಲಿದ್ದವರು, ಗಿರಣಿ ನಿಂತ ವರ್ಷವೇ ಇವರ ಓದೂ ನಿಂತಿತು. ಮದುವೆಯಾಗಿ ಗೋವಿಂದರಾಜನಗರದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಗಂಡ ಮಹದೇವ್ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡರ್, ಮಾತು ಕಡಿಮೆ. ಒಬ್ಬಳೇ ಮಗಳು ಹಾಸನಕ್ಕೆ ಮದುವೆಯಾಗಿ ಹೋಗಿದ್ದಳು. ಇವರಿಗೆ ಮಾತ್ರ ಜನ ಬೇಕು, ಮಾತು ಬೇಕು. ಯಾರೆದುರು ಕುಳಿತರೂ ಐದು ನಿಮಿಷದಲ್ಲಿ ಅವರ ಸೊಂಟನೋವಿನಿಂದ ಹಿಡಿದು ನಾದಿನಿಯ ಜಗಳದವರೆಗೆ ಎಲ್ಲವೂ ಇವರ ಕಿವಿಗೆ ಬೀಳುತ್ತಿತ್ತು.

ಯೋಜನೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆ ಬಹುಪಾಲು ದೊಡ್ಡ ಕಾರ್ಖಾನೆಗಳದ್ದು. ಸುರಕ್ಷತಾ ಸಮಿತಿ ಇದೆಯೇ, ರಿಜಿಸ್ಟರ್ ಇದೆಯೇ, ಫಲಕ ಹಾಕಿದ್ದಾರೆಯೇ ಎಂದು ಲೆಕ್ಕ ಹಾಕಿ ಮುಗಿಸುವುದು. ಈಚೆಗೆ ಪ್ರಶ್ನೆ ಬದಲಾಗಿದೆ. ನಾಲ್ಕೈದು ಜನ ದುಡಿಯುವ ಸಣ್ಣ ಶೆಡ್ಡುಗಳಲ್ಲಿ ಇಂಥ ವ್ಯವಸ್ಥೆ ತಂದರೆ ಮನುಷ್ಯನ ಮೈಗೆ ಆಗುವ ಹಾನಿ ನಿಜವಾಗಿ ಕಡಿಮೆಯಾಗುತ್ತದೆಯೇ? ಇದಕ್ಕೆ ಉತ್ತರ ಬೇಕಾಗಿತ್ತು. ಕಾಮಾಕ್ಷಿಪಾಳ್ಯ, ರಾಜಾಜಿನಗರದ ಕೈಗಾರಿಕಾ ಬೀದಿಗಳಲ್ಲಿ ಧೂಳಿನ ಕೆಲಸ ಮಾಡುವ ನಲವತ್ತು ಶೆಡ್ಡುಗಳನ್ನು ಆರಿಸಿದೆವು. ಇಪ್ಪತ್ತಕ್ಕೆ ಕೂಡಲೇ ವ್ಯವಸ್ಥೆ: ಮಾಲೀಕ ಮತ್ತು ಕೆಲಸಗಾರರು ತಿಂಗಳಿಗೊಮ್ಮೆ ಕೂತು ಮಾತಾಡುವುದು, ಧೂಳು ಎಳೆಯುವ ಫ್ಯಾನು, ಅಪಾಯದ ಸಾಮಾನಿನ ಬದಲು ಬೇರೆ ಸಾಮಾನು. ಉಳಿದ ಇಪ್ಪತ್ತಕ್ಕೆ ಎರಡು ವರ್ಷ ಬರೀ ಅಳತೆ, ಆಮೇಲೆ ಅದೇ ವ್ಯವಸ್ಥೆ. ಯಾರು ಮೊದಲು, ಯಾರು ಆಮೇಲೆ ಎಂಬುದು ಲಾಟರಿ. ಆ ಲಾಟರಿ ತೆಗೆದ ಕಂಪ್ಯೂಟರ್ ನನ್ನ ಮೇಜಿನ ಮೇಲಿತ್ತು, ಗುಂಡಿ ಒತ್ತಿದವನು ನಾನು. ಹದಿನೇಳನೇ ನಂಬರಿನ ಶೆಡ್ 'ಆಮೇಲೆ' ಎಂಬ ಪಟ್ಟಿಗೆ ಬಿತ್ತು.

ಹದಿನೇಳು ಚನ್ನವೀರೇಶ್ ಎಂಬವರ ಶೆಡ್. ಮಾಗಡಿ ರಸ್ತೆಯಿಂದ ಒಳಗೆ ಎರಡು ತಿರುವು. ಎರಕ ಹೊಯ್ದ ಕಬ್ಬಿಣದ ಬಿಡಿಭಾಗಗಳ ಮೇಲೆ ಒತ್ತಡದ ಗಾಳಿಯಲ್ಲಿ ಮರಳು ಹೊಡೆದು ತುಕ್ಕು ತೆಗೆಯುವ ಕೆಲಸ. ಕಾರ್ಖಾನೆ ಇನ್ಸ್‌ಪೆಕ್ಟರು ಹುಡುಕಿಕೊಂಡು ಬರುವಷ್ಟು ದೊಡ್ಡ ಜಾಗವಲ್ಲ. ಅಲ್ಲಿ ಮರಳಿನ ಪೈಪು ಹಿಡಿಯುವವನು ದೊಡ್ಡಹನುಮಯ್ಯ, ಮಾಗಡಿ ಕಡೆಯವನು, ನಲವತ್ತಮೂರು ವರ್ಷ. ಮೂಗಿಗೆ ಒಂದು ಟವೆಲ್ ಕಟ್ಟಿಕೊಂಡು ಒಂಬತ್ತು ವರ್ಷದಿಂದ ಅದೇ ಕೆಲಸ. ಹೊರಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲಾ ಬೆಳ್ಳಗೆ.

ಆರು ತಿಂಗಳಿಗೊಮ್ಮೆ ಜ್ಯೋತಿಲಕ್ಷ್ಮಿ ಉಸಿರಿನ ಯಂತ್ರ ತಗೊಂಡು ಹೋಗಬೇಕು. ಎದೆ ತುಂಬ ಗಾಳಿ ಎಳೆದು ಕೊಳವೆಗೆ ಜೋರಾಗಿ ಊದಿದರೆ, ಮೊದಲ ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬಂತೆಂದು ಯಂತ್ರ ತೋರಿಸುತ್ತದೆ. ಊದಿಸುವುದೂ ಒಂದು ವಿದ್ಯೆ. ಜನ ನಾಚಿಕೊಂಡು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ನಾನೊಂದು ದಿನ ಅವರ ಜೊತೆ ಹೋಗಿ ನೋಡಿದ್ದೇನೆ. ಹನುಮಯ್ಯನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಎತ್ತಿ ಆಡಿಸುತ್ತಾ, "ಊದಿ, ಊದಿ, ಊದಿ... ಬಿಡಬೇಡಿ, ಇನ್ನೂ ಇದೆ, ಹೊಟ್ಟೇಲಿರೋದೂ ಬರಲಿ, ಇನ್ನೂ ಇನ್ನೂ ಇನ್ನೂ..." ಎಂದು ಕೂಗುತ್ತಿದ್ದರೆ ಪಕ್ಕದ ಲೇತ್ ಅಂಗಡಿಯವರೂ ಯಂತ್ರ ನಿಲ್ಲಿಸಿ ನೋಡುತ್ತಿದ್ದರು.

"ಮೇಡಮ್ಮೋರೆ, ನೀವು ಹಿಂಗೆ ಕೂಗಿದ್ರೆ ಜೀವಾನೇ ಈಚೆಗೆ ಬಂದುಬುಡ್ತದೆ," ಎಂದು ಹನುಮಯ್ಯ ನಕ್ಕಿದ್ದ.

ಅವತ್ತು 2022ರ ಜುಲೈ. ಎರಡು ಪಾಯಿಂಟ್ ಎಂಟು. ಅವನ ವಯಸ್ಸಿಗೆ ಸ್ವಲ್ಪ ಕಡಿಮೆ ಎಂದಷ್ಟೇ ಹೇಳಬಹುದಾದ ಅಳತೆ. ಜನವರಿಗೆ ಎರಡೂವರೆ ಆಯಿತು. ಮುಂದಿನ ಜುಲೈಗೆ ಎರಡು ಪಾಯಿಂಟ್ ಒಂದು.

ನಮಗೊಂದು ನಿಯಮವಿತ್ತು. ಅಳತೆ ಕೆಟ್ಟದಾಗಿದ್ದರೆ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಡಬೇಕು. ಆದರೆ 'ಆಮೇಲೆ' ಪಟ್ಟಿಯ ಶೆಡ್ಡುಗಳಲ್ಲಿ ಸುರಕ್ಷತೆಯ ಬಗ್ಗೆ ಸಲಹೆ ಕೊಡುವ ಹಾಗಿಲ್ಲ. ಕೊಟ್ಟರೆ ಎರಡು ಗುಂಪಿನ ನಡುವಿನ ವ್ಯತ್ಯಾಸ ಕೆಟ್ಟುಹೋಗುತ್ತದೆ. ಜ್ಯೋತಿಲಕ್ಷ್ಮಿ ಚೀಟಿ ಬರೆದುಕೊಟ್ಟರು. ಹನುಮಯ್ಯ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಹೋದ. ಎಕ್ಸ್‌ರೇಯಲ್ಲಿ ಚುಕ್ಕೆಗಳು ಕಂಡವು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಕೆಮ್ಮು ಇದೆ, ತೂಕ ಇಳಿದಿದೆ ಎಂದು ಟಿ.ಬಿ. ಮಾತ್ರೆ ಶುರುಮಾಡಿದರು. ಏನು ಕೆಲಸ ಮಾಡುತ್ತೀಯ ಎಂದು ಯಾರೂ ಕೇಳಲಿಲ್ಲವಂತೆ. ಇವನೂ ಹೇಳಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿ ಎಂದು ಖುಷಿಯಿಂದಲೇ ಬಂದು ಮತ್ತೆ ಪೈಪು ಹಿಡಿದ.

ಆ ಶನಿವಾರದ ಮೀಟಿಂಗಿನಲ್ಲಿ ಜ್ಯೋತಿಲಕ್ಷ್ಮಿ ಎದ್ದು ನಿಂತರು. ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವವರು ನಮ್ಮಲ್ಲಿ ಅವರೊಬ್ಬರೇ.

"ಸಾರ್, ಹದಿನೇಳಕ್ಕೆ ಈಗಲೇ ಶುರು ಮಾಡಬಹುದಾ? ಅದು ಟಿ.ಬಿ. ಅಲ್ಲ ಅನ್ಸುತ್ತೆ ಸಾರ್. ಮರಳಿನ ಧೂಳು."

ಮುರಳೀಕೃಷ್ಣ ಸಾರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೂ ಹಾಗೇ ಅನ್ಸುತ್ತಮ್ಮ. ಆದ್ರೆ ಒಂದು ಕಡೆ ನಿಯಮ ಮುರಿದ್ರೆ ಇಪ್ಪತ್ತೂ ಕಡೆ ಮುರೀಬೇಕು. ಆಗ ಈ ವ್ಯವಸ್ಥೆಯಿಂದ ಉಪಯೋಗ ಇದೆ ಅಂತ ಯಾರಿಗೂ ತೋರಿಸೋಕಾಗಲ್ಲ. ತೋರಿಸಿದ್ರೆ ಸಾವಿರಾರು ಶೆಡ್ಡಿಗೆ ಹೋಗುತ್ತೆ. ಇನ್ನೊಂದು ವರ್ಷ ಅಷ್ಟೆ."

"ಅವರ ಹತ್ರ ಒಂದು ವರ್ಷ ಇದೆಯಾ ಸಾರ್?"

ಸಾರ್ ನನ್ನ ಕಡೆ ನೋಡಿದರು. ನಾನು, "ಈಗ ಬದಲಾಯಿಸಿದ್ರೆ ಡೇಟಾ ನಿಲ್ಲಲ್ಲ ಮೇಡಮ್," ಅಂದೆ. ಅಂಕಿಅಂಶದ ಮಟ್ಟಿಗೆ ನಾನು ಹೇಳಿದ್ದು ತಪ್ಪಲ್ಲ. ಇನ್ನೊಂದು ಚೀಟಿ ಬರೆದುಕೊಡಿ, ಬೇರೆ ಆಸ್ಪತ್ರೆಗೆ ಹೋಗಲಿ ಎಂದು ತೀರ್ಮಾನವಾಯಿತು. ಮಾತ್ರೆ ಶುರುವಾಗಿದ್ದ ಹನುಮಯ್ಯ ಎರಡನೇ ಚೀಟಿ ಹಿಡಿದು ಎಲ್ಲಿಗೂ ಹೋಗಲಿಲ್ಲ.

ಮುಂದಿನ ಆರು ತಿಂಗಳು ಜ್ಯೋತಿಲಕ್ಷ್ಮಿ ನಿಯಮ ಪಾಲಿಸಿದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಅವರು ನಿಯಮ ಮುರಿದದ್ದಷ್ಟೇ ಎಲ್ಲರಿಗೂ ನೆನಪಿರುವುದು. ಅವರಿಗೆ ಮಾತ್ರ ನೆನಪಿರುವುದು ಪಾಲಿಸಿದ ಆ ಆರು ತಿಂಗಳು. ಹದಿನೇಳರ ಪಕ್ಕದ ಬೀದಿಯಲ್ಲೇ ಹನ್ನೆರಡನೇ ಶೆಡ್. ಅದು 'ಮೊದಲು' ಪಟ್ಟಿಯದು. ಅಲ್ಲಿ ಮರಳು ಬಿಟ್ಟು ಉಕ್ಕಿನ ಸಣ್ಣ ಗುಂಡು ಹಾಕಿದ್ದರು, ಪೆಟ್ಟಿಗೆಯಂಥ ಮುಚ್ಚಿದ ಕೋಣೆ ಕಟ್ಟಿ ಅದರೊಳಗೆ ಕೈ ಮಾತ್ರ ತೂರಿಸಿ ಕೆಲಸ ಮಾಡುತ್ತಿದ್ದರು. ಜ್ಯೋತಿಲಕ್ಷ್ಮಿ ದಿನಾ ಅದನ್ನು ದಾಟಿ ಹೋಗುತ್ತಿದ್ದರು. ಮಹದೇವ್ ಆಮೇಲೊಮ್ಮೆ ನನಗೆ ಹೇಳಿದರು: "ಆ ದಿನಗಳಲ್ಲಿ ಅವಳು ಮನೇಲಿ ಮಾತೇ ಆಡ್ತಿರಲಿಲ್ಲ. ಸೀರಿಯಲ್ ಹಾಕ್ಕೊಂಡು ಕೂತಿರೋಳು, ಏನು ನಡೀತಿದೆ ಅಂತ ಕೇಳಿದ್ರೆ ಗೊತ್ತಿರ್ತಿರಲಿಲ್ಲ."

2024ರ ಜನವರಿಯಲ್ಲಿ ನಾಲ್ಕನೇ ಅಳತೆ. ಮಾತ್ರೆಯ ಕೋರ್ಸು ಮುಗಿದಿತ್ತು. ಹನುಮಯ್ಯ ಕೊಳವೆ ಬಾಯಿಗಿಟ್ಟು ಊದಿದ. ಇವರು "ಇನ್ನೂ ಇನ್ನೂ" ಎನ್ನುವ ಮೊದಲೇ ಕೆಮ್ಮು ಒತ್ತರಿಸಿಕೊಂಡು ಬಂತು. ಮೂರು ಸಲ ಪ್ರಯತ್ನಿಸಬೇಕೆಂಬುದು ನಿಯಮ. ಮೂರನೆಯ ಸಲ ಅವನು ಮರಳಿನ ಚೀಲದ ಮೇಲೆ ಕೂತು, ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು, ತಪ್ಪು ಮಾಡಿದವನ ಹಾಗೆ ಅವರ ಮುಖ ನೋಡಿದ.

"ಆಗಾಕಿಲ್ಲ ಮೇಡಮ್ಮೋರೆ. ಬೇಜಾರ್ ಮಾಡ್ಕಬೇಡಿ."

ಒಂದು ಪಾಯಿಂಟ್ ಆರು.

ಯಂತ್ರವನ್ನು ಚೀಲಕ್ಕೆ ಹಾಕಿ ಜ್ಯೋತಿಲಕ್ಷ್ಮಿ ಸೀದಾ ಚನ್ನವೀರೇಶರ ಮೇಜಿನ ಮುಂದೆ ಹೋಗಿ ನಿಂತರು. ಮರಳು ಎದೆಯೊಳಗೆ ಹೋಗಿ ಏನು ಮಾಡುತ್ತದೆ, ಹನ್ನೆರಡನೇ ಶೆಡ್ಡಿನಲ್ಲಿ ಏನು ಬದಲಾಯಿಸಿದ್ದಾರೆ, ಉಕ್ಕಿನ ಗುಂಡು ಎಲ್ಲಿ ಸಿಗುತ್ತದೆ, ಮುಚ್ಚಿದ ಕೋಣೆ ಕಟ್ಟಿಕೊಡುವವರು ಯಾರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಚನ್ನವೀರೇಶ್ ಬೈದು ಕಳಿಸುತ್ತಾರೆ ಎಂದುಕೊಂಡಿದ್ದರಂತೆ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೊರಗಿ ಕೇಳಿದರು:

"ಒಂದೂವರೆ ವರ್ಷದಿಂದ ಬರ್ತಾ ಇದೀರಿ ಮೇಡಮ್. ಟೀ ಕುಡ್ಕೊಂಡು ಹೋಗ್ತಾ ಇದೀರಿ. ಇದನ್ನ ಯಾಕೆ ಮುಂಚೆ ಹೇಳಲಿಲ್ಲ?"

ಜ್ಯೋತಿಲಕ್ಷ್ಮಿ ಯಂತ್ರದ ಚೀಲದ ಪಟ್ಟಿ ಸರಿಮಾಡಿಕೊಂಡರು.

"ಪಕ್ಕದ ಬೀದೀಲಿ ಮಾಡಿದಾರೆ ಅಂತೀರಿ. ಅವರು ಮಾಡ್ಕೊಂಡಿದ್ದು ನಾನು ಮಾಡ್ಕೊಳ್ಳಲ್ವಾ? ಅವನು ನನ್ನ ಜೊತೆ ಹತ್ತು ವರ್ಷದಿಂದ ಇದಾನೆ."

ಅವರು ಮಾತಿಗೆ ತಪ್ಪಲಿಲ್ಲ. ಅದೇ ತಿಂಗಳು ಮರಳಿನ ಚೀಲಗಳು ಹೋದವು, ಮುಚ್ಚಿದ ಕೋಣೆ ಬಂತು. ಆದರೆ ಅದು ಸಿದ್ಧವಾಗುವ ಹೊತ್ತಿಗೆ ಹನುಮಯ್ಯ ಪೈಪು ಎತ್ತುವ ಸ್ಥಿತಿಯಲ್ಲಿರಲಿಲ್ಲ.

ಚನ್ನವೀರೇಶರ ಜೊತೆ ಮಾತಾಡಿದ ದಿನವೇ ಸಂಜೆ ಜ್ಯೋತಿಲಕ್ಷ್ಮಿ ತಾವಾಗಿಯೇ ಆಫೀಸಿಗೆ ಬಂದು, ಏನು ಮಾಡಿದೆ ಎಂದು ಸಾರ್‌ಗೆ ಹೇಳಿದರು. ಸಾರ್ ಬರೆದುಕೊಡಿ ಅಂದರು. ಅರ್ಧ ಹಾಳೆ ಬರೆದುಕೊಟ್ಟರು. ಮಾರ್ಚಿಗೆ ಅವರ ಕರಾರು ಮುಗಿಯುತ್ತಿತ್ತು, ಮುಂದುವರಿಸಲಿಲ್ಲ. ಬೀಳ್ಕೊಡುಗೆ ಎಂದು ಏನೂ ಮಾಡಲಿಲ್ಲ. ಉಸಿರಿನ ಯಂತ್ರ, ಗುರುತಿನ ಚೀಟಿ, ಉಳಿದ ಖಾಲಿ ಫಾರ್ಮುಗಳನ್ನು ನನ್ನ ಮೇಜಿನ ಮೇಲಿಟ್ಟು, "ಫಾರ್ಮು ಎಣಿಸ್ಕೊಂಬಿಡಿ ಸುಘೋಷ್ ಸಾರ್," ಎಂದು ಹೇಳಿ ಹೋದರು. ಹದಿನೇಳನೇ ಶೆಡ್ಡನ್ನು ನಿಯಮ ಮುರಿದ ಘಟಕ ಎಂದು ಗುರುತು ಹಾಕಿ, ಲೆಕ್ಕದಿಂದ ಹೊರಗಿಟ್ಟೆವು. ಆ ಸಾಲನ್ನು ತೆಗೆದವನೂ ನಾನೇ.

ಕೆಲಸ ಹೋದ ಮೇಲೆ ಅವರು ವಾರಕ್ಕೊಮ್ಮೆ ಹನುಮಯ್ಯನ ಮನೆಗೆ ಹೋಗತೊಡಗಿದರು. ಕಾಮಾಕ್ಷಿಪಾಳ್ಯದಲ್ಲಿ ಒಂದು ವಠಾರದ ಕೊನೆಯ ಕೋಣೆ. ಹೆಂಡತಿ ಚಿಕ್ಕಗಂಗಮ್ಮ ಬಸವೇಶ್ವರನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳು ಕೆಲಸಕ್ಕೆ ಹೋಗಿರುವಾಗ ಇವರು ಹೋಗಿ ಕೂರುವರು. ಆಸ್ಪತ್ರೆಯವರು ಟಿ.ಬಿ.ಯೇ ಮತ್ತೆ ಬಂದಿದೆ ಅಂದಿದ್ದರು, ಆಕ್ಸಿಜನ್ ಸಿಲಿಂಡರು ಬಂದಿತ್ತು. ಹನುಮಯ್ಯ ಈಗ ಇವರನ್ನು ಅಕ್ಕ ಅನ್ನುತ್ತಿದ್ದ. ಗೋಡೆಗೆ ಒರಗಿ, ದಿಂಬನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಮೊಣಕೈ ಊರಿ ಕೂತರೆ ಉಸಿರು ಸ್ವಲ್ಪ ಸಲೀಸು, ಮಲಗಲು ಆಗುತ್ತಿರಲಿಲ್ಲ. ಅವನಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು ತಂದರೆ ಎರಡು ತುತ್ತು ತಿಂದು, ಅಗಿಯಲೂ ದಣಿವಾಗಿ, ತಟ್ಟೆ ಸರಿಸುತ್ತಿದ್ದ.

ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಅವರು ಹೇಳಿಬಿಟ್ಟರು. ಹೇಳದೆ ಅವನ ಮುಂದೆ ಕೂರುವುದು ಆಗುತ್ತಿರಲಿಲ್ಲ ಎಂದು ನನಗೆ ಅಂದರು.

"ಹನುಮಯ್ಯ, ಹೋದ ವರ್ಷ ಜುಲೈಲೇ ನನಗೆ ಇದು ಧೂಳಿಂದು ಅಂತ ಅನ್ಸಿತ್ತು. ಹೇಳಬಾರದು ಅಂತ ರೂಲ್ಸ್ ಇತ್ತು. ನಾನು ಹೇಳಲಿಲ್ಲ."

ಅವನು ಅವರನ್ನೇ ನೋಡುತ್ತಿದ್ದ. "ಗೊತ್ತಿತ್ತಾ ಅಕ್ಕ ನಿಮಗೆ?"

"ಹ್ಞೂಂ."

"ಗೊತ್ತಿದ್ದೂ ಊದಿಸ್ಕಂಡು ಹೋಯ್ತಿದ್ರಾ?"

ಆಮೇಲೆ ಅವನು ಗೋಡೆಯ ಕಡೆ ತಿರುಗಿಕೊಂಡ. ಚಿಕ್ಕಗಂಗಮ್ಮ ಬರುವವರೆಗೂ ಇವರು ಅಲ್ಲೇ ಕೂತಿದ್ದರು. ಅವಳಿಗೆ ಗಂಡನ ಬಾಯಿಂದ ವಿಷಯ ತಿಳಿದದ್ದು ಮಾರನೆಯ ದಿನ. ಮುಂದಿನ ವಾರ ಹೋದಾಗ ಅವಳು ಬಾಗಿಲಲ್ಲೇ ನಿಲ್ಲಿಸಿ, ಧ್ವನಿ ತಗ್ಗಿಸಿ ಅಂದಳು: "ಹೇಳಬಾರದಿತ್ತು ಅಕ್ಕ. ಟಿ.ಬಿ. ಅಂದ್ಕಂಡಿದ್ದಾಗ ಇವತ್ತಲ್ಲ ನಾಳೆ ವಾಸಿ ಆಯ್ತದೆ ಅಂತಿದ್ರು. ಈಗ ಅದನ್ನೂ ಅನ್ನಾಕಿಲ್ಲ."

ಆದರೂ ಒಳಗೆ ಬಿಟ್ಟಳು. ಹನುಮಯ್ಯ ಎಂದಿನಂತೆ ಮಾತಾಡಿಸಿದ. ಮಳೆ ಬಂತಾ, ಬಸ್ಸು ರಶ್ ಇತ್ತಾ ಎಂದು ಕೇಳಿದ. ಆ ವಿಷಯವನ್ನು ಮಾತ್ರ ಸಾಯುವವರೆಗೂ ಎತ್ತಲಿಲ್ಲ. ಕ್ಷಮಿಸಿದನೋ, ಜಗಳವಾಡಲು ಉಸಿರಿರಲಿಲ್ಲವೋ, ಅವರಿಗೆ ಗೊತ್ತಾಗಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಅವನು ಹೋದ. ಟೆಂಪೊದಲ್ಲಿ ದೇಹವನ್ನು ಊರಿಗೆ ಒಯ್ದಾಗ ಜ್ಯೋತಿಲಕ್ಷ್ಮಿಯೂ ಹೋದರು. ಚನ್ನವೀರೇಶ್ ಬಂದಿದ್ದರು. ನಮ್ಮ ಆಫೀಸಿನಿಂದ ಯಾರೂ ಹೋಗಲಿಲ್ಲ. ನಮಗೆ ಗೊತ್ತಾದದ್ದೇ ಹತ್ತು ದಿನದ ಮೇಲೆ.

ಗೊತ್ತಾದದ್ದೂ ಅವರು ಬಂದಿದ್ದರಿಂದ. ಆಸ್ಪತ್ರೆಯ ಕಾಗದದಲ್ಲಿ ಸಾವಿಗೆ ಕಾರಣ ಟಿ.ಬಿ. ಎಂದು ಬರೆದಿತ್ತು. ಅದು ವಠಾರದಲ್ಲಿ ಹಬ್ಬಿ, ಚಿಕ್ಕಗಂಗಮ್ಮ ಕೆಲಸ ಮಾಡುವ ಎರಡು ಮನೆಯವರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನೀನು ಬರಬೇಡ ಎಂದಿದ್ದರು. ವಠಾರದ ಹೆಂಗಸರು ನಲ್ಲಿಯ ಹತ್ತಿರ ಅವಳ ಬಿಂದಿಗೆ ಸರಿಸುತ್ತಿದ್ದರು. ಗಂಡನಿಗೆ ಬಂದದ್ದು ಅಂಟುಜಾಡ್ಯವಲ್ಲ ಎಂದು ಒಂದು ಕಾಗದ ಬೇಕು ಅವಳಿಗೆ. ಇನ್ನೇನೂ ಬೇಡ.

"ನಾಲ್ಕು ಸಲದ ರೀಡಿಂಗೂ ನಿಮ್ಮ ಹತ್ರ ಇದೆ ಸುಘೋಷ್ ಸಾರ್. ಕೊಡಿ. ನಾನು ಮನೇಲಿ ಒಂದು ಕಾಪಿನೂ ಇಟ್ಕೊಂಡಿಲ್ಲ, ಇಟ್ಕೋಬಾರ್ದು ಅಂದಿದ್ರಲ್ಲ."

ಸಾರ್ ಒಪ್ಪಿದರು. ನಾನು ಪ್ರಿಂಟ್ ತೆಗೆದುಕೊಟ್ಟೆ. ಇಬ್ಬರು ಹೆಂಗಸರೂ ಮೂರು ಸಲ ಆಸ್ಪತ್ರೆಗೆ ಅಲೆದರು. ಒಬ್ಬ ವಯಸ್ಸಾದ ಡಾಕ್ಟರು ಹಳೆಯ ಎಕ್ಸ್‌ರೇ, ನಮ್ಮ ಅಳತೆ ಎಲ್ಲವನ್ನೂ ನೋಡಿ, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ, ತಲೆ ಅಲ್ಲಾಡಿಸಿದರಂತೆ. ಆದರೆ ಸತ್ತವನನ್ನು ಪರೀಕ್ಷಿಸಲು ಬರುವುದಿಲ್ಲ. 'ಮರಳಿನ ಧೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆ ಇದ್ದಿರಬಹುದು' ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚಿಕ್ಕಗಂಗಮ್ಮ ಅದನ್ನು ಒಯ್ದು ಕೆಲಸ ಬಿಡಿಸಿದ ಮನೆಯ ಅಮ್ಮನಿಗೆ ತೋರಿಸಿದಳು. ಆಕೆ ಎರಡು ಸಲ ಓದಿ, "ಇದ್ದಿರಬಹುದು ಅಂತ ತಾನೆ ಬರೆದಿರೋದು," ಎಂದು ವಾಪಸು ಕೊಟ್ಟರು.

"ಸಾಕು ಬಿಡಿ ಅಕ್ಕ," ಎಂದಳು ಚಿಕ್ಕಗಂಗಮ್ಮ. ಯಾರಿಗೂ ತನ್ನ ಗುರುತಿಲ್ಲದ ರಾಜರಾಜೇಶ್ವರಿನಗರದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಕೆಂಗೇರಿಯ ಹತ್ತಿರ ಮನೆ ಮಾಡಿದಳು. ಅಲ್ಲಿ ಗಂಡ ಹೇಗೆ ಹೋದರು ಎಂದು ಕೇಳಿದವರಿಗೆ ಹಾರ್ಟ್ ಅಟ್ಯಾಕ್ ಎನ್ನುತ್ತಾಳಂತೆ.

ನಮ್ಮ ಸಂಶೋಧನೆ ಮುಗಿಯಿತು. 'ಆಮೇಲೆ' ಪಟ್ಟಿಯ ಉಳಿದ ಹತ್ತೊಂಬತ್ತು ಶೆಡ್ಡುಗಳಿಗೂ ವ್ಯವಸ್ಥೆ ಬಂತು. ಕಳೆದ ವರ್ಷ ಲೇಖನ ಅಚ್ಚಾಯಿತು. ಸಣ್ಣ ಘಟಕಗಳಲ್ಲೂ ಸುರಕ್ಷತಾ ವ್ಯವಸ್ಥೆಯಿಂದ ಉಸಿರಾಟದ ಹಾನಿ ಗಣನೀಯವಾಗಿ ತಗ್ಗುತ್ತದೆ ಎಂದು ನಮ್ಮ ಫಲಿತಾಂಶ. ಬೇರೆ ಊರುಗಳಿಂದ ಫೋನು ಬಂತು, ಹೀಗೇ ಮಾಡಬೇಕು ಎಂದರು. ಸಾರ್ ಹೇಳಿದ್ದು ಸುಳ್ಳಾಗಲಿಲ್ಲ. ಅದನ್ನೂ ಹೇಳಬೇಕು.

ಒಂದು ಪ್ರತಿ ಹಿಡಿದು ಗೋವಿಂದರಾಜನಗರಕ್ಕೆ ಹೋದೆ. ಜ್ಯೋತಿಲಕ್ಷ್ಮಿ ಕಾಫಿ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಳೆ ತಿರುವಿದರು. ಇಂಗ್ಲಿಷ್ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಕೋಷ್ಟಕ ಓದಬಲ್ಲರು. ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಣಿಸಿದರು.

"ಮೂವತ್ತೊಂಬತ್ತು."

"ಹೌದು ಮೇಡಮ್."

"ಸತ್ತವರು ಅಂತ ಒಂದು ಸಾಲಿದೆ. ಸೊನ್ನೆ ಅಂತಿದೆ."

ಹದಿನೇಳನ್ನು ತೆಗೆದ ಮೇಲೆ ಅದು ಸೊನ್ನೆಯೇ ಆಗುತ್ತದೆ ಎಂದು ವಿವರಿಸಲು ಹೊರಟವನು ಕಾಫಿ ಲೋಟ ಕೈಗೆತ್ತಿಕೊಂಡೆ. ಅವರು ಹಾಳೆಗಳನ್ನು ಒಟ್ಟು ಮಾಡಿ ಅಂಚು ಸರಿಪಡಿಸಿ ನನ್ನ ಕೈಗೇ ಕೊಟ್ಟರು.

ನಾನು ಹೋದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹೊಸ ಯೋಜನೆಯೊಂದು ಬಂದಿತ್ತು, ಹೊಲಿಗೆ ಕಾರ್ಖಾನೆಯ ಹೆಂಗಸರ ಬಗ್ಗೆ. ಜನರನ್ನು ಮಾತಾಡಿಸಲು ಅವರಂಥವರು ನಮಗೆ ಸಿಕ್ಕಿರಲಿಲ್ಲ. ಸಾರ್ ಅವರೇ ಕೇಳಿ ನೋಡು ಎಂದು ಕಳಿಸಿದ್ದರು. ಕೇಳಿದೆ.

"ಬೇಡ ಸಾರ್," ಅಂದರು. ಸಿಟ್ಟಿರಲಿಲ್ಲ. "ಇನ್ನು ಯಾರನ್ನೂ ಏನೂ ಕೇಳೋದು ಬೇಡ ಅನ್ಸಿದೆ."

ಈಗ ಅವರು ವಿಜಯನಗರದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಇದ್ದಾರೆ. ಗಿರಾಕಿಗಳು ನೋಡಿ ಬಿಟ್ಟುಹೋದ ಸೀರೆಗಳನ್ನು ಮಡಿಸಿ ಬೀರುವಿನಲ್ಲಿಡುವ ಕೆಲಸ. ಒಂದು ಸಂಜೆ ಆ ದಾರಿಯಲ್ಲಿ ಹೋಗುವಾಗ ಗಾಜಿನಾಚೆ ಕಂಡರು. ಒಳಗೆ ಬೇರೆ ಹುಡುಗಿಯರು ಗಿರಾಕಿಗಳ ಜೊತೆ ಜೋರಾಗಿ ಮಾತಾಡುತ್ತಿದ್ದರು. ಅವರು ಹಿಂದೆ ಒಂದು ಮೂಲೆಯಲ್ಲಿ ನಿಂತು, ತಲೆ ತಗ್ಗಿಸಿ, ಹಸಿರು ಸೀರೆಯೊಂದರ ಅಂಚಿಗೆ ಅಂಚು ಕೂಡಿಸುತ್ತಿದ್ದರು. ನಾನು ಒಳಗೆ ಹೋಗಲಿಲ್ಲ.